ಕಪ್ಪು ಹಲ್ಲಿನ ತಲೆಗಳು

ಎಂಟನೆಯ ತಿಂಗಳು, ಮೂರನೆಯ ದಿನ

ಪಕ್ಕದ ಸೀಮೆಯ ಕುರೊಸೆಯವರು ದಂಡು ಕಟ್ಟಿಕೊಂಡು ಹೊಳೆ ದಾಟಿ ಬಂದಿದ್ದಾರೆ. ಅವರಿಗೆ ಸಿಗಬಾರದೆಂದು ಕೆಳಗಿನ ಮನೆಗಳನ್ನು ನಾವೇ ಸುಟ್ಟು, ಎಲ್ಲರೂ ಬೆಟ್ಟದ ಮೇಲಿನ ಕೋಟೆ ಸೇರಿಕೊಂಡೆವು. ನನಗೆ ಸಿಕ್ಕ ಜಾಗ ಅಕ್ಕಿಮೂಟೆಗಳ ಹಿಂದೆ, ಒಂದು ಚಾಪೆಯಷ್ಟು. ಅಕ್ಕಿ ಖಾಲಿಯಾಗುತ್ತ ಬಂದ ಹಾಗೆ ಜಾಗ ದೊಡ್ಡದಾಗುತ್ತದೆ ಎಂದು ಅತ್ತೆ ಸಮಾಧಾನ ಹೇಳಿದರು.

ಮದುವೆಯಾಗಿ ವರ್ಷವಾಗುತ್ತ ಬಂತು. ಈ ಮನೆಯಲ್ಲಿ ನನ್ನ ದನಿ ಗೊತ್ತಿರುವುದು ನಮ್ಮ ಯಜಮಾನರಿಗೆ ಮಾತ್ರ. ಮಾವನವರು ಈ ಕೋಟೆಯ ದೊರೆ. ಅವರೆದುರು ನಾನು ಬಾಯಿಯೇ ತೆರೆಯುವುದಿಲ್ಲ. ಬಂದವರ ಮುಂದೆ ಅತ್ತೆ, "ನಮ್ಮ ಸೊಸೆಗೆ ಬಾಯಿ ಇದೆ ಕಣ್ರೀ, ಊಟದ ಹೊತ್ತಲ್ಲಿ ನಾನೇ ನೋಡಿದೀನಿ" ಎನ್ನುತ್ತಾರೆ. ಅದಕ್ಕೇ ಬರೆಯುತ್ತೇನೆ. ನನಗೆ ಬರುವುದು ಹೆಂಗಸರು ಬರೆಯುವ ಸರಳ ಅಕ್ಷರ ಅಷ್ಟೇ. ಗಂಡಸರ ದೊಡ್ಡ ಅಕ್ಷರ ಕಲಿಸುವ ಮೊದಲೇ ಅಮ್ಮ ತೀರಿಕೊಂಡಳು. ನಾನು ನಾಲ್ಕನೆಯ ಹೆಣ್ಣು. ಅಗುರಿ ಎಂದು ಹೆಸರಿಟ್ಟರು. ಹೆಣ್ಣು ಇನ್ನು ಸಾಕು ಎಂದು ದೇವರಿಗೆ ತಿಳಿಸುವ ಹೆಸರು ಅದು. ದೇವರಿಗೆ ತಿಳಿಯಿತು. ನನ್ನ ಹಿಂದೆಯೇ ತಮ್ಮ ಹುಟ್ಟಿದ.

ಅಮ್ಮ ರಾಜಧಾನಿಯ ದೊಡ್ಡ ಮನೆತನದವಳು. ನನಗೆ ಬಿಟ್ಟುಹೋದದ್ದು ಹಲ್ಲಿಗೆ ಕಪ್ಪು ಹಾಕುವ ಕೈಯೊಂದನ್ನು. ಮದುವೆಯಾದವಳಿಗೆ ಕಪ್ಪು ಹಲ್ಲೇ ಅಲಂಕಾರ. ಈ ಬೆಟ್ಟದ ಹೆಂಗಸರು ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಬಳಿದುಕೊಳ್ಳುತ್ತಾರೆ. ಸಾರು ಕುಡಿದರೆ ಅರ್ಧ ಕಪ್ಪು ಬಟ್ಟಲಿಗೆ ಹೋಗುತ್ತದೆ. ನನ್ನದು ಹಾಗಲ್ಲ. ಕಾಯಿಸಿದ ಕಬ್ಬಿಣದ ಚೂರುಗಳು ಚಹಾ ಮತ್ತು ಹಳಸಿದ ಅಕ್ಕಿಹೆಂಡದಲ್ಲಿ ಬಹಳ ದಿನ ಹುಳಿಯಬೇಕು. ಆ ನೀರು ಒಂದು ಸಲ, ಮಾಚಿಕಾಯಿ ಪುಡಿ ಒಂದು ಸಲ, ಹೀಗೆ ಸುತ್ತು ಸುತ್ತಾಗಿ ಹಚ್ಚಬೇಕು. ಆಮೇಲೆ ಹಲ್ಲು ಅರಗು ಬಳಿದ ತಟ್ಟೆಯ ಹಾಗೆ ಹೊಳೆಯುತ್ತದೆ. ಆ ಗಡಿಗೆಯ ನಾತಕ್ಕೆ ಕೋಟೆಯ ನಾಯಿಗಳೂ ನನ್ನ ಮೂಲೆಗೆ ಬರುವುದಿಲ್ಲ.

ಐದನೆಯ ದಿನ

ಇಡೀ ಕೋಟೆ ಈಟಿ ಮಸೆಯುತ್ತಿದ್ದರೆ ನಮ್ಮ ಯಜಮಾನರು ಸೊಂಟದ ಚೀಲದಲ್ಲಿ ಲಾವಕ್ಕಿ ಇಟ್ಟುಕೊಂಡು ಅದಕ್ಕೆ ನವಣೆ ತಿನ್ನಿಸುತ್ತ ಕೂತಿದ್ದರು. ಅವರ ಹೆಸರು ಮಾಗೊಶಿರೊ. ಈ ಮನೆಗೆ ಉಳಿದಿರುವ ಒಬ್ಬನೇ ಮಗ. ಇನ್ನೂ ಯುದ್ಧ ಕಂಡವರಲ್ಲ.

"ಇದು ಕೂಗಿದ್ರೆ ಒಳ್ಳೇ ಶಕುನ ಅಂತೆ ಅಗುರಿ."

"ಕೂಗಿತಾ?"

"ಇಲ್ಲ. ಹೆದರ್ಕೊಂಡಿದೆ, ಪಾಪ."

ಮಾವನವರು ಅತ್ತ ಬಂದರು. ಹಕ್ಕಿಯನ್ನು ನೋಡಿದರು, ಮಗನನ್ನು ನೋಡಿದರು. "ಇಬ್ಬರಲ್ಲಿ ಯಾರನ್ನ ಮೊದಲು ಹುರೀಬೇಕೋ" ಎಂದು ಹೋದರು.

ಇವರು ಹೇಡಿಯಲ್ಲ. ಕೊಲ್ಲುವಷ್ಟು ಸಿಟ್ಟು ಯಾರ ಮೇಲೂ ಇಲ್ಲ, ಅಷ್ಟೇ. ಇದನ್ನು ಮಾವನವರಿಗೆ ಹೇಳಬೇಕೆಂದುಕೊಂಡೆ. ಹೇಳಲಿಲ್ಲ.

ಒಂಬತ್ತನೆಯ ದಿನ

ಇವತ್ತು ಆದದ್ದನ್ನು ಬರೆಯಲೇಬಾರದು. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಹೊರಬಾಗಿಲ ಹತ್ತಿರ ಹೊಡೆದಾಟವಾಯಿತು. ಮಧ್ಯಾಹ್ನ ಅತ್ತೆ ನನ್ನ ಕೈಗೆ ಬಾಚಣಿಗೆ ಕೊಟ್ಟು, "ಬಾ, ನಿನಗೂ ಕೆಲಸ ಬಂತು" ಎಂದರು. ಉಗ್ರಾಣದ ಹಲಗೆಯ ಮೇಲೆ ತಲೆಗಳನ್ನು ಸಾಲಾಗಿ ಇಟ್ಟಿದ್ದರು. ನಮ್ಮವರು ಕಡಿದು ತಂದವು. ದೊರೆ ನೋಡುವ ಮೊದಲು ಮನೆಯ ಹೆಂಗಸರು ಅವನ್ನು ತೊಳೆದು, ಕೂದಲು ಬಾಚಿ, ಮುಖಕ್ಕೆ ಬಿಳಿ ಪುಡಿ ಹಚ್ಚಬೇಕು. ಎಲ್ಲ ಕೋಟೆಗಳಲ್ಲೂ ಇದೇ ಪದ್ಧತಿ, ಸತ್ತವನಿಗೆ ಮರ್ಯಾದೆ ಎಂದು ಕೇಳಿದ್ದೆ. ನನ್ನ ಕೈಗೂ ಬರುತ್ತದೆಂದು ಯೋಚಿಸಿರಲಿಲ್ಲ.

ಮೊದಲನೆಯದರ ಕೂದಲು ಮುಟ್ಟಿದ್ದೇ ತಡ, ಮೂಲೆಗೆ ಓಡಿ ಬೆಳಗಿನದನ್ನೆಲ್ಲ ಕಾರಿದೆ.

"ಅಯ್ಯೋ, ಅನ್ನ ಕಣೇ ಅದು! ಹಾಳು ಮಾಡ್ತೀಯಲ್ಲ" ಎಂದರು ಅತ್ತೆ. ಆಮೇಲೆ ಸ್ವಲ್ಪ ಮೆತ್ತಗೆ, "ಅವನೇನು ಕಚ್ಚಲ್ಲ ಬಾ. ಕಚ್ಚೋರು ಹೊರಗಿದಾರೆ" ಎಂದರು.

ಕಣ್ಣು ಮುಚ್ಚಿಕೊಂಡು ಬಾಚಿದೆ. ಬಾಚಣಿಗೆ ಅವನ ಕಿವಿಗೆ ಸಿಕ್ಕಿಕೊಂಡಾಗ "ನೋವಾಯ್ತಾ?" ಎಂದು ಕೇಳಿಬಿಟ್ಟೆ. ಅತ್ತೆ ನಕ್ಕದ್ದು ಇಡೀ ಕೋಟೆಗೆ ಕೇಳಿಸಿತು.

ಹತ್ತನೆಯ ದಿನ

ಊಟ ಸೇರುತ್ತಿಲ್ಲ. ಕೈಯನ್ನು ಬೂದಿ ಹಾಕಿ ತೊಳೆದೆ, ಮತ್ತೆ ತೊಳೆದೆ.

ಸಂಜೆಯ ಮುಂದೆ ಕಾಲಾಳುಗಳ ನಾಯಕ ಜಿನ್ನೈ ಬಂದ. ಕದ್ದ ಕುಂಬಳಕಾಯಿಯ ಹಾಗೆ ಏನನ್ನೋ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದ.

"ಅಮ್ಮಾವ್ರೇ, ಒಂದು ಉಪಕಾರ ಆಗ್ಬೇಕಿತ್ತು. ನನ್ನ ತಲೆ ಇದೆಯಲ್ಲ…"

ನಾನು ಅವನ ಕತ್ತು ನೋಡಿದೆ.

"ಇದಲ್ಲ, ಇದಲ್ಲ. ನಾನು ತಂದಿದ್ದು. ನಾಳೆ ದೊರೆಗಳು ನೋಡ್ತಾರೆ. ಇದರ ಹಲ್ಲು ಬೆಳ್ಳಗಿದೆ ತಾಯಿ."

ಅವನು ಹೇಳುವುದು ಅರ್ಥವಾಗಲು ಹೊತ್ತು ಬೇಕಾಯಿತು. ಗಂಡಸರಲ್ಲಿ ಹಲ್ಲು ಕಪ್ಪು ಮಾಡಿಕೊಳ್ಳುವವರು ದೊಡ್ಡ ಮನೆತನದವರು ಮಾತ್ರ. ಕಪ್ಪು ಹಲ್ಲಿನ ತಲೆ ತಂದರೆ ಗದ್ದೆ ಸಿಗುತ್ತದೆ. ಬಿಳಿ ಹಲ್ಲಿನದು ತಂದರೆ ಭೇಷ್ ಎನ್ನುತ್ತಾರೆ.

"ಭೇಷ್ ಅನ್ನೋದನ್ನ ಬೇಯಿಸ್ಕೊಂಡು ತಿನ್ನಕ್ಕಾಗಲ್ಲ ತಾಯಿ. ನಮ್ಮನೆಯವಳು ಸುಯೆ ಬಸುರಿ ಬೇರೆ. ನಿಮ್ಮ ಕಪ್ಪು ಮಸಿ ಥರ ಅಲ್ಲ, ಏನು ಮಾಡಿದ್ರೂ ಹೋಗಲ್ಲ ಅಂತ ಅವಳೇ ಹೇಳಿದ್ದು."

ತಲೆಯನ್ನು ಬಿಚ್ಚಿ ನನ್ನ ಮುಂದಿಟ್ಟ. ಕಾಲಾಳಾಗಿ ಬಂದ ಯಾರೋ ರೈತನದು. ಕತ್ತಿನ ಹಿಂದೆ ಬಿಸಿಲು ಬಡಿದ ಗೆರೆ ಇತ್ತು. ಆಗುವುದಿಲ್ಲ ಎನ್ನಬೇಕಾದರೆ ಬಾಯಿ ತೆರೆಯಬೇಕಲ್ಲ. ಅದಕ್ಕಿಂತ ಗಡಿಗೆ ತೆರೆಯುವುದೇ ನನಗೆ ಸುಲಭವಾಗಿ ಕಂಡಿತು.

ಹನ್ನೊಂದನೆಯ ದಿನ

ಮಾವನವರು ತಲೆಗಳನ್ನು ನೋಡಿದರು. ನಾವು ಹೆಂಗಸರು ಪರದೆಯ ಹಿಂದೆ ಇದ್ದೆವು. ಜಿನ್ನೈಯ ಸರದಿ ಬಂದಾಗ ಮುದುಕ ಸೊಕನ್, ಹೆಸರು ಬರೆದುಕೊಳ್ಳುವವನು, "ಯಾರದಪ್ಪ ಇದು?" ಎಂದು ಕೇಳಿದ.

ಜಿನ್ನೈ ಅದನ್ನು ಯೋಚಿಸಿಯೇ ಇರಲಿಲ್ಲವೆಂದು ಕಾಣುತ್ತದೆ. ಬಾಯಿಗೆ ಬಂದ ಹೆಸರು ಹೇಳಿದ. "ಇಸೊಬೆ! ಕುರೊಸೆಯವರ ದೊಡ್ಡ ಸರದಾರ, ಇಸೊಬೆ!"

ಮಾವನವರು ಕೂತಲ್ಲಿಂದ ಎದ್ದೇಬಿಟ್ಟರು. ತುಟಿ ಸರಿಸಿ ಹಲ್ಲು ನೋಡಿದರು. "ಆಹಾ, ಏನು ಕಪ್ಪು! ಮನೆತನ ಅಂದ್ರೆ ಇದು" ಎಂದರು. ನನಗೆ ಯಾಕೋ ಕಿವಿ ಬಿಸಿಯಾಯಿತು. ಈ ಮನೆಯಲ್ಲಿ ನನ್ನದೊಂದನ್ನು ಮಾವನವರು ಹೊಗಳಿದ್ದು ಇದೇ ಮೊದಲು.

ಜಿನ್ನೈಗೆ ಹೊಳೆಯಾಚೆಯ ಗದ್ದೆ ಸಿಕ್ಕಿತು. ಅಲ್ಲಿ ಈಗ ಕುರೊಸೆಯವರ ಕುದುರೆಗಳು ಮೇಯುತ್ತಿವೆ. ಆದರೂ ಗದ್ದೆ ಗದ್ದೆಯೇ.

ಹದಿನೈದನೆಯ ದಿನ, ಹುಣ್ಣಿಮೆ

ಚಂದ್ರನಿಗೆ ನೈವೇದ್ಯಕ್ಕೆ ಇಡಲು ಕೆಸುವಿನ ಗಡ್ಡೆ ಕೂಡ ಇರಲಿಲ್ಲ. ಚಂದ್ರ ಏನೂ ಅಂದುಕೊಳ್ಳದೆ ಬಂದ.

ಈಗ ಎಲ್ಲರೂ ನನ್ನ ಮೂಲೆಗೆ ಬರುತ್ತಾರೆ. ಬರಿಗೈಯಲ್ಲಿ ಬರುವುದಿಲ್ಲ. ಒಬ್ಬ ಒಣಗಿಸಿದ ಕಾಕಿ ಹಣ್ಣು ತಂದ, ಒಬ್ಬ ಮೂಲಂಗಿ ಉಪ್ಪಿನಕಾಯಿ ತಂದ. "ರಾಜಧಾನಿ ಅಮ್ಮಾವ್ರ ಕೈಗೆ ಹೋದ್ರೆ ನೇಗಿಲು ಹೊಡೆಯೋನೂ ದೊರೆ ಆಗ್ತಾನೆ" ಎಂದು ಅವರಲ್ಲೇ ಮಾತು. ಉಪ್ಪಿನಕಾಯಿಯಲ್ಲಿ ಅತ್ತೆಗೂ ಪಾಲು ಕೊಟ್ಟೆ. ಅವರು ಅಗಿಯುತ್ತ, "ಇನ್ನೂ ಕಾರ್ತೀಯಾ?" ಎಂದು ಕೇಳಿದರು. ಇಲ್ಲ ಎಂದೆ. ಯಾವಾಗ ನಿಂತಿತೋ ನೆನಪಿಲ್ಲ.

ದೊಡ್ಡ ಮನೆಯವನಂತೆ ಕಾಣಲು ಬರಿ ಹಲ್ಲು ಸಾಲದು. ಹುಬ್ಬು ಬೋಳಿಸಿ ಹಣೆಯ ಮೇಲ್ಗಡೆ ಎರಡು ಮಸುಕು ಚುಕ್ಕೆ ಇಡಬೇಕು. ಕತ್ತಿನ ಬಿಸಿಲುಗೆರೆಗೆ ಪುಡಿಯನ್ನು ಎರಡು ಸಲ ಹಚ್ಚಬೇಕು. ಈ ಕುರೊಸೆಯ ರೈತರದು ಏನು ಹಲ್ಲು! ಒಂದಿದ್ದರೆ ಒಂದಿಲ್ಲ, ಇರುವುದರ ಮೇಲೆ ಹಳದಿ ಕಟ್ಟಿರುತ್ತದೆ. ಸ್ವಲ್ಪ ಒಳ್ಳೆಯದನ್ನು ನೋಡಿ ತರಬಾರದೇ ಎಂದು ಇವತ್ತು ಒಬ್ಬನನ್ನು ಗದರಿದೆ. ಅವನು ತಲೆ ತಗ್ಗಿಸಿ, "ಇನ್ನೊಂದ್ಸಲ ನೋಡಿ ತರ್ತೀನಿ ತಾಯಿ" ಎಂದ.

ಹದಿನೆಂಟನೆಯ ದಿನ

ಬಹಳ ಕೆಲಸ. ಗಂಜಿ ತೆಳ್ಳಗಾಗಿದೆ. ಮಾಚಿಕಾಯಿ ಮುಗಿಯುತ್ತ ಬಂತು, ಅದೇ ಚಿಂತೆ.

ಯಜಮಾನರು ಬಂದು ಏನೋ ಹೇಳಿದರು. ಹಕ್ಕಿಯ ವಿಷಯ ಇರಬೇಕು. ಕೈಯಲ್ಲಿ ಕೆಲಸವಿತ್ತು.

ಇಪ್ಪತ್ತೊಂದನೆಯ ದಿನ

ಇಸೊಬೆ ಇವತ್ತು ಮತ್ತೆ ಸತ್ತ. ಹನ್ನೊಂದರಂದಲ್ಲದೆ ಹದಿನಾರರಂದೂ ಒಂದು ಸಲ ಸತ್ತಿದ್ದ, ಹಾಗಾಗಿ ಇದು ಮೂರನೆಯದು. ಹೆಸರು ಗೊತ್ತಿರುವ ಸರದಾರರು ಮುಗಿದುಹೋಗಿದ್ದಾರೆ, ಅದಕ್ಕೆ ನಮ್ಮವರು ಹಳೆಯ ಹೆಸರುಗಳನ್ನೇ ಹೇಳುತ್ತಾರೆ. ಸೊಕನ್ ಕುಂಚ ಹಿಡಿದು ಹಿಂದಿನ ಹಾಳೆ ತಿರುವಿ ನೋಡಿದ.

"ಅಲ್ಲಪ್ಪ, ಈ ಇಸೊಬೆ ಹೋದ ಸಲ ದಪ್ಪ ಇದ್ದ."

"ಮುತ್ತಿಗೆ ಅಲ್ವಾ ಅಜ್ಜ, ಅವ್ರಿಗೂ ಊಟಕ್ಕೆ ಕಷ್ಟ" ಎಂದ ತಂದವನು.

ಪರದೆಯ ಹಿಂದೆ ಅತ್ತೆ ನನ್ನ ತೊಡೆ ಚಿವುಟಿದರು. ಇಬ್ಬರೂ ನಗು ತಡೆದುಕೊಳ್ಳಲು ತೋಳಿನ ಬಟ್ಟೆ ಕಚ್ಚಿಕೊಂಡೆವು. ಮಾವನವರು ನೋಡುವುದು ಹಲ್ಲನ್ನು, ಹೆಸರನ್ನಲ್ಲ. ಸೊಕನ್ ಬರೆದುಕೊಂಡ. ಅವನ ಮೊಮ್ಮಗನಿಗೂ ಹೋದ ವಾರ ನಾನೇ ಒಂದು ತಲೆ ಮಾಡಿಕೊಟ್ಟಿದ್ದೆ.

ಇಪ್ಪತ್ತೈದನೆಯ ದಿನ

ಕುರೊಸೆಯವರು ಸಂಧಾನಕ್ಕೆ ಒಬ್ಬ ಸನ್ಯಾಸಿಯನ್ನು ಕಳಿಸಿದ್ದರು. ಹೊಳೆಯಾಚೆಯ ಎರಡು ಹಳ್ಳಿ ಬಿಟ್ಟುಕೊಟ್ಟರೆ ಮುತ್ತಿಗೆ ತೆಗೆಯುತ್ತಾರಂತೆ. ಕೋಟೆಯಲ್ಲಿ ಅಕ್ಕಿ ಎಷ್ಟಿದೆಯೆಂದು ನನಗೆ ಗೊತ್ತು. ನನ್ನ ಜಾಗ ಈಗ ಬಹಳ ದೊಡ್ಡದಾಗಿದೆ. ಒಪ್ಪಿಕೊಳ್ಳುತ್ತಾರೆ ಎಂದುಕೊಂಡೆ.

ಮಾವನವರು ನಕ್ಕರು. "ಅಲ್ಲ ಸ್ವಾಮಿ, ನಿಮ್ಮ ಕುರೊಸೆ ಮನೇಲಿ ಇನ್ನು ಯಾರಿದ್ದಾರೆ? ಸರದಾರರನ್ನೆಲ್ಲ ನಮ್ಮ ಉಗ್ರಾಣದಲ್ಲಿ ಇಟ್ಕೊಂಡಿದೀನಿ. ತಲೆ ಇಲ್ಲದ ಸೈನ್ಯ ನನ್ನ ಹತ್ರ ಹಳ್ಳಿ ಕೇಳತ್ತಾ?"

ಸನ್ಯಾಸಿ ಕಣ್ಣು ಕಣ್ಣು ಬಿಟ್ಟ. "ದೊರೆ, ಬೆಳಿಗ್ಗೆ ಅವರೆಲ್ಲರ ಜೊತೇನೇ ಗಂಜಿ ಕುಡಿದು ಬಂದೆ" ಎಂದ. ಅವನ ಮಾತಿಗೆ ಇಡೀ ಸಭೆ ನಕ್ಕಿತು. ಜಿನ್ನೈ ಎಲ್ಲರಿಗಿಂತ ಜೋರಾಗಿ ನಕ್ಕ.

ಮೂರು ದಿನ ಕಳೆದು ಬೆಳಿಗ್ಗೆ ಬಾಗಿಲು ತೆರೆದು ಕುರೊಸೆಯವರ ಮೇಲೆ ಬೀಳುವುದೆಂದು ಮಾವನವರು ತೀರ್ಮಾನ ಮಾಡಿದರು. ಇಷ್ಟು ಸುಲಭದ ಯುದ್ಧ ಮತ್ತೆ ಸಿಗುವುದಿಲ್ಲ, ಮಗನೇ ಮುಂದೆ ನಿಲ್ಲಲಿ ಎಂದರು. ಅದರ ಹಿಂದಿನ ಸಂಜೆ ನಮ್ಮ ಯಜಮಾನರ ಹಲ್ಲಿಗೆ ನಾನೇ ಕಪ್ಪು ಹಾಕಬೇಕಂತೆ, ದೊರೆಮಗ ದೊರೆಮಗನ ಹಾಗೆ ಕಾಣಬೇಕಂತೆ.

ಯಜಮಾನರು ತಲೆಬಾಗಿ "ಆಗಲಿ" ಎಂದರು. ಚೀಲದೊಳಗಿನ ಹಕ್ಕಿಯನ್ನು ಹೊರಗಿನಿಂದಲೇ ಸವರುತ್ತಿದ್ದರು.

ಕುರೊಸೆಯವರಲ್ಲಿ ಒಬ್ಬ ಸರದಾರನೂ ಸತ್ತಿಲ್ಲ. ಅದು ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಇಪ್ಪತ್ತಾರನೆಯ ದಿನ

ಮೊದಲು ಅತ್ತೆಗೆ ಬಾಯಿಬಿಟ್ಟೇ ಹೇಳಿದೆ. ಅವರು ನವಣೆಯಲ್ಲಿ ಕಲ್ಲು ಆರಿಸುತ್ತಿದ್ದರು.

"ನನಗೆ ಹಲ್ಲು ಗೊತ್ತಾಗಲ್ಲ ಅಂದ್ಕೊಂಡ್ಯಾ? ಕಲ್ಲು ಯಾವುದು ಕಾಳು ಯಾವುದು ಅಂತ ನೋಡ್ಕೊಂಡೇ ಈ ವಯಸ್ಸಾಯ್ತು."

"ನೀವು ಮಾವನವರಿಗೆ ಹೇಳಿ ಅತ್ತೆ."

"ನಲವತ್ತು ವರ್ಷದಿಂದ ನಾನು ಹೇಳಿದ್ದಕ್ಕೆಲ್ಲ ಆ ಮನುಷ್ಯ ಉಲ್ಟಾನೇ ಮಾಡಿದ್ದು. ನಾನು ಹೋದ್ರೆ ನಾಳೇನೇ ಕಳಿಸ್ತಾರೆ. ನೀನು ಹೋಗು. ನಿನ್ನ ದನಿ ಹೊಸದು."

ಹೋದೆ. ಮಾವನವರು, ಸೊಕನ್, ಜಿನ್ನೈ, ಇನ್ನೂ ಕೆಲವರು ಇದ್ದರು. ಆದರೂ ಹೇಳಿದೆ. "ಅವು ಸರದಾರರ ತಲೆಗಳಲ್ಲ. ರೈತರದು. ಕಪ್ಪು ಹಾಕಿದ್ದು ನಾನು."

ಜಿನ್ನೈ ಚಾಪೆ ನೋಡುತ್ತಿದ್ದ. ಮಾವನವರು ಅವನನ್ನು ಕೇಳಿದರು. ಅವನು ಯುದ್ಧದೇವರು ಹಾಚಿಮಾನನ ಮೇಲೆ ಆಣೆ ಇಟ್ಟು, "ನಾನು ಕಡಿದದ್ದು ಇಸೊಬೆಯನ್ನೇ ದೊರೆ" ಎಂದ. ಸೊಕನ್ ತಾನು ಬರೆದದ್ದರಲ್ಲಿ ತಪ್ಪಿಲ್ಲವೆಂದ. ಬೇರೆಯವರೂ ಆಣೆ ಇಟ್ಟರು.

"ಹಾಕಿದ್ದು ನೀನಾದ್ರೆ ತೆಗೆದು ತೋರ್ಸಮ್ಮ" ಎಂದರು ಮಾವನವರು.

ಒಂದು ತಲೆ ತಂದಿಟ್ಟರು. ನೀರಿನಲ್ಲಿ ಉಜ್ಜಿದೆ. ಬೂದಿ ಹಾಕಿ ಉಜ್ಜಿದೆ. ಹುಲ್ಲು ಸುತ್ತಿ, ಮರಳು ಹಾಕಿ, ತೋಳು ನೋಯುವ ತನಕ ಉಜ್ಜಿದೆ. ಉಜ್ಜಿದಷ್ಟೂ ಹೊಳಪು ಹೆಚ್ಚಾಯಿತು. ಈ ಬೆಟ್ಟದ ಬೇರೆ ಯಾವ ಹೆಂಗಸು ಹಾಕಿದ್ದರೂ ಮೊದಲ ನೀರಿಗೇ ಬಿಡುತ್ತಿತ್ತು. ನನಗೆ ಅಳು ಬಂತು. ಆದರೆ ಕಪ್ಪು ಎದ್ದು ಬಂದಿದ್ದರೆ ಅಷ್ಟು ಜನರ ಮುಂದೆ ನಾಚಿಕೆಯೂ ಆಗುತ್ತಿತ್ತೇನೋ.

ಮಾವನವರ ಕಣ್ಣು ಒದ್ದೆಯಾಯಿತು. "ನೋಡ್ರಯ್ಯ, ಮಾತೇ ಆಡದ ಹುಡುಗಿ! ಗಂಡನ್ನ ಉಳಿಸ್ಕೊಳ್ಳೋಕೆ ಎಂಥಾ ಸುಳ್ಳು ಕಟ್ಕೊಂಡು ಬಂದಿದೆ! ಇಂಥ ಸೊಸೆ ಯಾರಿಗಿದಾಳೆ?" ಎಲ್ಲರೂ ತಲೆದೂಗಿದರು. ಸೊಕನ್ ಮೂಗು ಒರೆಸಿಕೊಂಡ.

ಇಪ್ಪತ್ತೇಳನೆಯ ದಿನ

ಬೆಳಿಗ್ಗೆ ಜಿನ್ನೈ ತಾನಾಗಿಯೇ ಬಂದ. "ತಾಯಿ, ಬೇಜಾರು ಮಾಡ್ಕೋಬೇಡಿ. ಹೊಟ್ಟೆಪಾಡು" ಎಂದ.

"ಜಿನ್ನೈ, ಆಣೆ ಇಟ್ಟೆಯಲ್ಲ, ನಿಜ ತಾನೇ?"

"ಅಂದ್ರೆ… ಹೂಂ."

"ಹಾಗಾದ್ರೆ ಕುರೊಸೆಯವರಲ್ಲಿ ಸರದಾರರೇ ಉಳಿದಿಲ್ಲ. ನಾಳೆ ಹೆದರೋ ಅಂಥದ್ದೇನೂ ಇಲ್ಲ."

"ಏನು ಹೇಳ್ತಿದೀರ ತಾಯಿ?"

"ನಾಳೆ ನೀನು ನಮ್ಮ ಯಜಮಾನರ ಕವಚ ಹಾಕ್ಕೋ. ಅವರ ಕುದುರೆ ಹತ್ತು. ಮುಖಕ್ಕೆ ಕಬ್ಬಿಣದ ಮುಚ್ಚುಗೆ ಇರತ್ತೆ, ಯಾರಿಗೂ ಗೊತ್ತಾಗಲ್ಲ. ಅವರು ನಿನ್ನ ಜಾಗದಲ್ಲಿ, ಕಾಲಾಳುಗಳ ಜೊತೆ ಬರ್ತಾರೆ."

ಅವನು ನಕ್ಕ. ನಾನು ನಗಲಿಲ್ಲ. ಅವನು ಅತ್ತೆಯನ್ನು ನೋಡಿದ. ಅತ್ತೆ ನವಣೆ ಕೇರುತ್ತಿದ್ದರು.

"ಬೇಡ ಅಂದ್ರೆ ಈಗಲೇ ನನ್ನ ಜೊತೆ ಮಾವನವರ ಹತ್ರ ಬಾ. ಆಣೆ ಸುಳ್ಳು ಅಂತ ನೀನೇ ಹೇಳು" ಎಂದೆ.

"ಹೇಳಿದ್ರೆ ನನ್ನ ಕತ್ತು ಹೋಗತ್ತಲ್ಲ!"

"ನೋಡಪ್ಪ," ಎಂದರು ಅತ್ತೆ, ಮೊರದಿಂದ ಕಣ್ಣು ತೆಗೆಯದೆ. "ಹೊರಗಾದ್ರೆ ಕತ್ತು ಹೋದ್ರೂ ಹೋಗಬಹುದು, ಉಳಿದ್ರೂ ಉಳೀಬಹುದು. ಒಳಗಾದ್ರೆ ಹೋಗೇ ಹೋಗತ್ತೆ. ನೀನೇ ಯೋಚ್ನೆ ಮಾಡು."

ಅವನು ನಾಲಿಗೆಯಿಂದ ತನ್ನ ಹಲ್ಲು ಸವರಿಕೊಂಡ. ಆಮೇಲೆ, "ಸುಯೆಗೆ ಹೇಳೋ ಹಾಗಿಲ್ಲ ಅಲ್ವಾ?" ಎಂದು ಕೇಳಿದ. ಇಲ್ಲ ಎಂದೆ. "ಗದ್ದೆ?" ಎಂದ. ಅವಳಿಗೇ ಎಂದೆ. ಹತ್ತಿರ ಸರಿದು ಬಾಯಿ ತೆರೆದ.

ಇಷ್ಟು ದಿನ ಎದುರಿಗೆ ಕೂತು ಮಾತಾಡಿದ್ದಾನೆ, ಅವನ ಹಲ್ಲನ್ನು ನಾನು ಗಮನಿಸಿಯೇ ಇರಲಿಲ್ಲ. ಸಾಲಾದ, ಗಟ್ಟಿ ಹಲ್ಲು. ಉಳಿದ ಮಾಚಿಕಾಯಿಯನ್ನೆಲ್ಲ ಅದಕ್ಕೇ ಹಾಕಿದೆ. ಬದುಕಿರುವವರಿಗೆ ಹಚ್ಚುವುದು ಕಷ್ಟ. ತುಟಿ ನಡುಗುತ್ತಿರುತ್ತದೆ, ಎಂಜಲು ಬರುತ್ತದೆ. ಎರಡು ಸಲ ಗದರಬೇಕಾಯಿತು. ಮುಗಿದ ಮೇಲೆ ಕನ್ನಡಿ ಕೊಟ್ಟೆ. ಅವನು ನೋಡಿಕೊಂಡು, "ನಮ್ಮಪ್ಪ ಇದ್ದು ನೋಡ್ಬೇಕಿತ್ತು" ಎಂದ.

ಯಜಮಾನರನ್ನು ಒಪ್ಪಿಸುವುದೇ ಹೆಚ್ಚು ಕಷ್ಟವಾಯಿತು.

"ನನ್ನ ಬದಲು ಅವನಾ? 'ಹೇಡಿ' ಅನ್ನಲ್ವಾ ಅಗುರಿ?"

"ಯಾರು?"

"ನಾನೇ."

ಅದಕ್ಕೆ ಉತ್ತರ ಹೇಳುತ್ತ ಕೂರಲು ಹೊತ್ತಿರಲಿಲ್ಲ. ಕಾಕಿ ಕಾಯಿಯ ಒಗರು ರಸ ಹಚ್ಚಿ ಅವರ ಹಲ್ಲನ್ನು ಹಳದಿ ಮಾಡಿದೆ. ಮುಖಕ್ಕೆ ಹೊಗೆಮಸಿ, ಕತ್ತಿಗೆ ಮಣ್ಣು ಹಚ್ಚಿದೆ. ರೈತರನ್ನು ಇಷ್ಟು ನೋಡಿದ್ದರಿಂದ ಅವರಂತೆ ಮಾಡುವುದು ಕಷ್ಟವಾಗಲಿಲ್ಲ. ಅತ್ತೆ ಬೋಗುಣಿ ಹಿಡಿದಿದ್ದರು. ಮಗನ ಗಲ್ಲ ಹಿಡಿದು ಅತ್ತಿತ್ತ ತಿರುಗಿಸಿ, "ಇವನ ಅಪ್ಪನೂ ಗುರುತು ಹಿಡಿಯಲ್ಲ" ಎಂದರು.

ಇಪ್ಪತ್ತೆಂಟನೆಯ ದಿನ

ಬೆಳಕು ಹರಿಯುತ್ತಲೇ ಹೋದರು. ಮಾವನವರು ಗೋಪುರದಿಂದ ಬೀಸಣಿಗೆ ಬೀಸಿದರು. "ಕುದುರೆ ಮೇಲೆ ಹೇಗೆ ಕೂತಿದಾನೆ ನೋಡು! ಇವತ್ತು ನನ್ನ ಮಗ ಅನ್ನಿಸ್ತಾನೆ" ಎಂದು ಅತ್ತೆಗೆ ತೋರಿಸಿದರು.

ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿಯಿತು. ಕುರೊಸೆಯವರ ಸರದಾರರು ಒಬ್ಬರೂ ತಪ್ಪದೆ ಬಂದಿದ್ದರಂತೆ.

ಇಪ್ಪತ್ತೊಂಬತ್ತನೆಯ ದಿನ

ಯಜಮಾನರು ಬಂದರು! ಹಿಂದಿನ ಕಾಲುದಾರಿಯಿಂದ, ಮೈಯೆಲ್ಲ ಕೆಸರು. ಒಬ್ಬ ಸವಾರ ಅವರನ್ನು ಕೆಡವಿ ಎದೆಯ ಮೇಲೆ ಮೊಣಕಾಲೂರಿ, ಕತ್ತಿಯನ್ನು ಕುತ್ತಿಗೆಗೇ ಇಟ್ಟನಂತೆ. ಆಮೇಲೆ ಬಾಯಿ ಬಿಡಿಸಿ ಹಲ್ಲು ನೋಡಿ, "ಥೂ" ಎಂದು ಎದ್ದು ಹೋದನಂತೆ.

ಜಿನ್ನೈ ಇವರ ಹೆಸರನ್ನೇ ಕೂಗಿಕೊಂಡು ಮುಂದೆ ನುಗ್ಗಿದನಂತೆ. "ನಾನು ಹಿಂದೆ ನಿಂತು ನೋಡ್ದೆ" ಎಂದರು. ಅಷ್ಟೇ ಹೇಳಿದ್ದು. ನನ್ನ ಮುಖ ನೋಡಲಿಲ್ಲ. ದಣಿವಿರಬೇಕು.

ಅವರನ್ನು ಅಡುಗೆಮನೆಯ ಆಳುಗಳ ಜೊತೆ ನೀರು ಹೊರಲು ಹಾಕಿದ್ದೇವೆ. ಮಾವನವರಿಗೆ ಹೇಳಿಲ್ಲ. ಮಗ ಸತ್ತನೆಂದು ಅವರು ಗೋಡೆಯ ಕಡೆ ತಿರುಗಿ ಮಲಗಿದ್ದಾರೆ. ಯಾವ ಸಂಧಾನಕ್ಕಾದರೂ ಒಪ್ಪಿಗೆ ಎಂದಿದ್ದಾರೆ. ಅವರ ದುಃಖ ನಿಜವಾಗಿದೆ, ಕುರೊಸೆಯವರಿಗೆ ಅದು ಕಾಣಬೇಕು. ಆಮೇಲೆ ಹೇಳಿದರಾಯಿತು.

ಒಂಬತ್ತನೆಯ ತಿಂಗಳು, ಎರಡನೆಯ ದಿನ

ಇವತ್ತು ಇಸೊಬೆ ಬಂದಿದ್ದ. ಸಣ್ಣಗಿನ, ಮೃದು ಮಾತಿನ ಮನುಷ್ಯ. ನಮ್ಮ ಯಜಮಾನರದೆಂದು ಬಿಳಿ ಮರದ ಪೆಟ್ಟಿಗೆಯಲ್ಲಿ ತಲೆ ತಂದಿದ್ದ. ಹೆಂಡತಿ ಗುರುತಿಸಿದರೆ ಯುದ್ಧ ಮುಗಿದಂತೆ. ಗಂಡು ದಿಕ್ಕಿಲ್ಲದ ಮನೆಯನ್ನು ಅವರು ಸುಡುವುದಿಲ್ಲ. ಮಾವನವರು ತಲೆ ಬೋಳಿಸಿಕೊಂಡು ಮಠ ಸೇರಬೇಕು, ನಾನೂ ಸನ್ಯಾಸಿನಿಯಾಗಬೇಕು. ಹಳ್ಳಿಗಳು ಎರಡಲ್ಲ, ಆರು ಹೋಗುತ್ತವೆ. ಜಿನ್ನೈಯ ಗದ್ದೆ ಇರುವುದೂ ಅದರಲ್ಲೇ.

ಮೂರು ಸಲ ನಾನು ಕೈಯಾರೆ ಮಾಡಿದ ಮನುಷ್ಯ ಇವನು. ಅವನು ಮಾತಾಡುವಾಗ ಬಾಯನ್ನೇ ನೋಡುತ್ತಿದ್ದೆ. ಮೇಲಿನ ಸಾಲಿನ ಕಪ್ಪು ಅಲ್ಲಲ್ಲಿ ಎದ್ದಿತ್ತು. ನಾನು ಮಾಡಿದ ಮೂವರು ಇಸೊಬೆಯರಲ್ಲಿ ಎಲ್ಲಕ್ಕಿಂತ ಕೆಟ್ಟದ್ದೂ ಇದಕ್ಕಿಂತ ಚೆನ್ನಾಗಿತ್ತು.

ಪೆಟ್ಟಿಗೆ ತೆರೆದರು.

"ಇವರು ನಮ್ಮ ಯಜಮಾನರು" ಎಂದೆ. ದನಿ ನಡುಗಲಿಲ್ಲ. ಅಳು ಬರಬೇಕಿತ್ತು, ಬರಲಿಲ್ಲ. ಇಸೊಬೆ ನನ್ನನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಹಿಂದೆ ಹೆಂಗಸರ ಸಾಲಿನಲ್ಲಿದ್ದ ಸುಯೆ ಕೂಗಿಕೊಂಡು ಬಿದ್ದಳು. ತುಂಬು ಬಸುರಿ, ನಾಲ್ಕು ಜನ ಹಿಡಿದರೂ ನಿಲ್ಲಲಿಲ್ಲ. ಇಸೊಬೆ ಕಣ್ಣೊರೆಸಿಕೊಂಡ.

"ಆಳುಮಕ್ಕಳೇ ಹೀಗೆ ಅಳ್ತಾರೆ ಅಂದ್ರೆ ಎಂಥಾ ಒಳ್ಳೇ ದೊರೆ ಇದ್ದಿರ್ಬೇಕು" ಎಂದು ನೆಲಕ್ಕೆ ಬಾಗಿದ. ಒಪ್ಪಂದಕ್ಕೆ ಮುದ್ರೆ ಒತ್ತಿದ. ಸುಯೆಯಿಂದ ಬಹಳ ಉಪಕಾರವಾಯಿತು.

ಅತ್ತೆ ನನ್ನ ಕಿವಿಯಲ್ಲಿ, "ಒಂದು ವರ್ಷ ಹೋಗ್ಲಿ. ದೂರದ ಸಂಬಂಧದೋನು ಅಂತ ಯಾರನ್ನಾದ್ರೂ ದತ್ತು ತಗೊಳ್ಳೋಣ. ಅಡುಗೆಮನೇಲಿ ನೀರು ಹೊರೋನು ಒಬ್ಬ ಸುಮಾರಾಗಿದಾನೆ" ಎಂದರು. ಈ ಮನೆಗೆ ಬಂದ ಮೇಲೆ ಅತ್ತೆಯನ್ನು ಇಷ್ಟು ಖುಷಿಯಾಗಿ ಕಂಡಿರಲಿಲ್ಲ.

ಯಜಮಾನರು ಅಂಗಳದಲ್ಲಿ ಬಿಂದಿಗೆ ಇಳಿಸಿ ಎಲ್ಲ ನೋಡುತ್ತಿದ್ದರು. ಸುಯೆಯನ್ನು ಎತ್ತಿಕೊಂಡು ಹೋಗುವಾಗ ಜೊತೆಗೆ ಹೋದರು. ನನ್ನ ಕಡೆ ಬರಲಿಲ್ಲ. ಯಾರಾದರೂ ಗಮನಿಸಿದರೆ ಕಷ್ಟವೆಂದು ಇರಬೇಕು.

ಮಧ್ಯಾಹ್ನ ಸುಯೆ ಎದ್ದು ಬಂದಳು. ಮುಖ ಊದಿಕೊಂಡಿತ್ತು. "ಅಮ್ಮಾವ್ರೇ, ನಾನೊಂದ್ಸಲ ತೊಳೀಲಾ?"

ಇಸೊಬೆಯ ಜನ ಬಾಗಿಲಲ್ಲೇ ನಿಂತಿದ್ದರು. "ಯಜಮಾನರ ತಲೆ ತೊಳೆಯೋದು ಹೆಂಡತಿ ಕೆಲಸ ಸುಯೆ" ಎಂದೆ, ಅವರಿಗೂ ಕೇಳಿಸುವ ಹಾಗೆ.

ಅವಳು ನೀರು ಹಿಡಿದುಕೊಂಡು ಕೂತಳು. ತೊಳೆದೆ, ಬಾಚಿದೆ, ಪುಡಿ ಹಚ್ಚಿದೆ. ತುಟಿ ಸರಿಸಿ ನೋಡಿದೆ. ಇಷ್ಟೆಲ್ಲ ಆದರೂ ಒಂದು ಹಲ್ಲಿನಲ್ಲೂ ಕಪ್ಪು ಎದ್ದಿರಲಿಲ್ಲ. ರಾಜಧಾನಿಯಲ್ಲೂ ಇಂಥದ್ದು ಸಿಗಲಾರದು. ಸುಯೆಯ ಕಡೆ ತಿರುಗಿಸಿ ಹಿಡಿದು, "ಹೇಗೆ ಕಾಣ್ತಾನೆ ನೋಡು" ಎಂದೆ.

ಅವಳು ನೋಡಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಮಾಡಿದ್ದೆ, ಒಂದು ಸಲ ನೋಡಬಹುದಿತ್ತು.